ಅಳತೆರಾಯರು ಪಿನ್‌ಬಾಲ್ ಕೊಂಡದ್ದು

ಕನ್ನಡಕದಂಗಡಿಯ ಮಾಲೀಕರಿಗೆ ‘ಅಳತೆರಾಯರು’ ಎಂದು ಹೆಸರಿಟ್ಟವರು ಸ್ವತಃ ಅವರ ಅತ್ತೆ. ಮದುವೆಯಾದ ಹೊಸದರಲ್ಲಿ ಇಸ್ತ್ರಿಪೆಟ್ಟಿಗೆ ತರಲು ಹೋದ ಅಳಿಯ ಅದರ ತೂಕ, ವೈರಿನ ಉದ್ದ, ಹಿಡಿಕೆಯ ಬಾಗು ಎಲ್ಲವನ್ನೂ ವಿಚಾರಿಸಿ, ಅಂಗಡಿಯವನು ಶಟರ್ ಎಳೆಯುವ ಹೊತ್ತಿಗೆ ‘ಯೋಚನೆ ಮಾಡಿ ಹೇಳ್ತೀನಿ’ ಎಂದು ಬರಿಗೈಯಲ್ಲಿ ಮನೆಗೆ ಬಂದಿದ್ದರು. ಅಂದೇ ಆ ಹೆಸರು ಅಂಟಿಕೊಂಡಿತು. ಪಾಪ, ಅವರ ತಪ್ಪೇನೂ ಇಲ್ಲ. ಕನ್ನಡಕದ ಗಾಜು ಕೂದಲೆಳೆಯಷ್ಟು ಆಚೀಚೆಯಾದರೂ ಗಿರಾಕಿಗೆ ಒಂದು ಮೆಟ್ಟಿಲು ಎರಡಾಗಿ ಕಾಣುತ್ತದೆ. ದಿನವಿಡೀ ಆ ಎಚ್ಚರದಲ್ಲಿರುವ ಮನುಷ್ಯ ಸಂಜೆ ಮನೆಗೆ ಬಂದಾಗ ಅದನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಬರಲಾದೀತೇ?

ಹೆಂಡತಿಯದು ಇನ್ನೊಂದು ಬಗೆ. ಅವಳು ಈಜುಕೊಳದಲ್ಲಿ ತರಬೇತಿ ಕೊಡುವವಳು. ಈ ದಂಡೆಯಿಂದ ಆ ದಂಡೆಗೆ ಕೂಗಿ ಕೂಗಿ, ಮನೆಯಲ್ಲಿ ಉಪ್ಪಿನ ಡಬ್ಬಿ ಕೇಳುವುದೂ ಅದೇ ದನಿಯಲ್ಲಿ. ಜೊತೆಗಿರುವ ಅತ್ತೆ ಟೈಪಿಂಗ್ ಕಲಿಸಿ ನಿವೃತ್ತರಾದವರು. ಅವರ ಬೆರಳುಗಳು ಈಗಲೂ ಕುರ್ಚಿಯ ಕೈಮೇಲೆ ಯಾವುದೋ ಕಾಣದ ಪತ್ರವನ್ನು ಟಪಟಪನೆ ಬಡಿಯುತ್ತಿರುತ್ತವೆ. ದೊಡ್ಡ ಮಗಳು ಹೈಸ್ಕೂಲು, ವಾದಕ್ಕೆ ನಿಂತರೆ ಎತ್ತಿದ ಕೈ. ಚಿಕ್ಕವಳು ಇನ್ನೂ ಸ್ಟೂಲು ಹತ್ತದೆ ನಲ್ಲಿ ಮುಟ್ಟಲಾರಳು.

ಎಲ್ಲ ಶುರುವಾದದ್ದು ಹಡಗುಕಟ್ಟೆಯಲ್ಲಿ. ನೆಂಟರ ಮನೆಯಿಂದ ವಾಪಸಾಗುವಾಗ ಮಂಜು ಕವಿದು ಹಡಗು ತಡವಾಯಿತು. ಎಲ್ಲರ ಫೋನುಗಳೂ ಒಂದೊಂದಾಗಿ ಪ್ರಾಣ ಬಿಟ್ಟವು. ಕಾಯುವ ಕೋಣೆಯ ಮೂಲೆಯಲ್ಲಿ ಒಂದು ಪಿನ್‌ಬಾಲ್ ಯಂತ್ರ ಮಿಣಮಿಣ ಎನ್ನುತ್ತಿತ್ತು. ಇಳಿಜಾರಾದ ಮೇಜಿನಂಥ ಪೆಟ್ಟಿಗೆ, ಮೇಲೊಂದು ಗಾಜು, ಒಳಗೆ ದೀಪಗಳ ನಡುವೆ ಓಡಾಡುವ ಉಕ್ಕಿನ ಚೆಂಡು. ಚೆಂಡು ಕೆಳಗಿನ ಕಿಂಡಿಗೆ ಬಿದ್ದು ಮಾಯವಾಗದಂತೆ ಅದನ್ನು ಮೇಲಕ್ಕೆ ಚಿಮ್ಮಿಸಲು ಫ್ಲಿಪ್ಪರ್ ಎಂಬ ಎರಡು ಪುಟ್ಟ ರೆಕ್ಕೆಗಳು, ಅವನ್ನು ಆಡಿಸಲು ಎರಡು ಬದಿಗೂ ಬಟನ್‌ಗಳು. ಬೇಸರ ಕಳೆಯಲು ದೊಡ್ಡವಳು ಆಡತೊಡಗಿದಳು. ಸ್ನಾನದ ಕೋಣೆಯ ಕನ್ನಡಿಯ ವಿಷಯಕ್ಕೆ ಅಜ್ಜಿಗೂ ಅವಳಿಗೂ ಮಾತು ಬಿಟ್ಟು ಹೋಗಿತ್ತು. ಆ ಅಜ್ಜಿ ತಾನಾಗಿಯೇ ಎದ್ದು ಬಂದು, “ಎಡ, ಎಡ! ಬೆರಳು ಸತ್ತುಹೋಗಿದೆಯೇನೇ ನಿನಗೆ?” ಎಂದು ಕೂಗಿದಾಗ ಕೋಣೆಯವರೆಲ್ಲ ತಿರುಗಿ ನೋಡಿದರು. ಹಡಗು ಬಂದಾಗ ಹತ್ತುವುದಕ್ಕೆ ಯಾರಿಗೂ ಮನಸ್ಸಿರಲಿಲ್ಲ.

ಅಳತೆರಾಯರು ಆಡಲಿಲ್ಲ. ಅವರು ಚೀಲಗಳನ್ನು ಕಾಯುತ್ತಿದ್ದರು.

“ಇಂಥದ್ದೊಂದು ಮನೇಲಿದ್ರೆ ಎಷ್ಟು ಚೆನ್ನ ಅಲ್ವೇನ್ರೀ?” ಎಂದಳು ಹೆಂಡತಿ, ಹಡಗಿನ ಕಟಾಂಜನಕ್ಕೆ ಒರಗಿ. ಸುಮ್ಮನೆ ಆಡಿದ ಮಾತು. ಅಳತೆರಾಯರು ಉತ್ತರ ಕೊಡಲಿಲ್ಲ. ಅವರು ಉತ್ತರ ಕೊಡದಿದ್ದರೆ ಮನೆಯವರು ಹೆದರಬೇಕು.

ಮರುದಿನವೇ ಟೇಪು ಹೊರಬಂತು. ಹೊರಕೋಣೆಯ ಗೋಡೆಗಳು, ಬಾಗಿಲು, ಮೆಟ್ಟಿಲ ತಿರುವು ಎಲ್ಲದರ ಅಳತೆಯಾಯಿತು. ಗಾರೆ ಕೆಲಸದವರಿಂದ ರಸಮಟ್ಟವೊಂದನ್ನು ಎರವಲು ತಂದು ನೆಲದ ಮೇಲಿಟ್ಟು, ತಾವು ಇಷ್ಟು ವರ್ಷ ಕಿಟಕಿಯ ಕಡೆಗೆ ವಾಲಿದ ಮನೆಯಲ್ಲಿ ಬದುಕುತ್ತಿದ್ದೇವೆಂದು ಊಟದ ಹೊತ್ತಿಗೆ ಎಲ್ಲರಿಗೂ ತಿಳಿಸಿದರು. ಆಮೇಲೆ ಓದು. ಯಂತ್ರಗಳಲ್ಲಿ ಮೂರು ತಲೆಮಾರು ಇವೆಯಂತೆ: ನಿಜವಾದ ಗಂಟೆ ಬಾರಿಸುವ ಹಳೆಯವು, ಎಲೆಕ್ಟ್ರಾನಿಕ್ ಬೋರ್ಡು ಇರುವ ನಡುವಿನವು, ಟಿವಿಯಂಥ ಪರದೆ ಹೊತ್ತ ಹೊಸವು. ಮೊದಲ ಸಲ ಕೊಳ್ಳುವವರು ಚೆಂದಕ್ಕೆ ಮರುಳಾಗಬಾರದು, ಓಡುತ್ತಿರುವುದನ್ನೇ ಕೊಳ್ಳಬೇಕು, ಬಿಡಿಭಾಗ ಸಿಗಬೇಕು, ಕಾಸು ಹಾಕದೆ ಆಡುವಂತೆ ಬದಲಿಸಲು ಬರಬೇಕು, ಮಕ್ಕಳಿಗೂ ಹಿರಿಯರಿಗೂ ಅರ್ಥವಾಗುವ ಆಟವಿರಬೇಕು.

“ಅಳಿಯಂದಿರು ನಮ್ಮ ಹುಡುಗೀನ ನೋಡೋಕೆ ಬಂದಾಗ ಇಷ್ಟೆಲ್ಲ ವಿಚಾರಿಸಲಿಲ್ಲ,” ಎಂದರು ಅತ್ತೆ.

“ವಿಚಾರಿಸಿದ್ರೆ ಓಡಿಹೋಗ್ತಿದ್ರು,” ಎಂದಳು ದೊಡ್ಡ ಮೊಮ್ಮಗಳು.

“ತಟ್ಟೆ ಖಾಲಿ ಮಾಡೇ,” ಎಂದು ಅವಳ ತಾಯಿ ಕೊಳದ ಆಚೆ ದಂಡೆಗೆ ಕೇಳುವಂತೆ ಹೇಳಿದಳು.

ಮೊದಲು ನೋಡಲು ಹೋದದ್ದು ದೊಡ್ಡ ಷೋರೂಮಿಗೆ. ಅಲ್ಲಿನ ಯಂತ್ರಕ್ಕೆ ಪರದೆ, ಸುರಂಗ, ಬೆಂಕಿಯುಗುಳುವ ಪ್ರಾಣಿ, ಜೊತೆಗೆ ಒಂದು ಗಡಸು ಗಂಟಲು. ಚೆಂಡು ಹೊರಟಾಗಲೆಲ್ಲ ಅದು “ಯೋಧನೇ, ಏಳು!” ಎಂದು ಗುಡುಗುತ್ತಿತ್ತು. ದೊಡ್ಡವಳು ಅದಕ್ಕೆ ಅಲ್ಲೇ ಮನಸೋತಳು. ಟೈ ಕಟ್ಟಿದ ಮಾರಾಟಗಾರ ಆಟದ ನಿಯಮ ವಿವರಿಸಲು ತೊಡಗಿದವನು ಮುಗಿಸುವ ಲಕ್ಷಣ ಕಾಣಲಿಲ್ಲ. ಚಿಕ್ಕವಳಿಗೆ ಅಷ್ಟು ದೀಪಗಳ ನಡುವೆ ಚೆಂಡು ಎಲ್ಲಿದೆಯೆಂದೇ ಗೊತ್ತಾಗದೆ, ಬಟನ್ ಬಿಟ್ಟು ಅಮ್ಮನ ಕೈ ಹಿಡಿದುಕೊಂಡಳು. ಅತ್ತೆ ಮಾತ್ರ ಸಮಾಧಾನದಿಂದ ಆಡುತ್ತ, ಪ್ರತಿ ಸಲವೂ ಯಂತ್ರಕ್ಕೆ ಉತ್ತರ ಕೊಟ್ಟರು.

“ಯೋಧನೇ, ಏಳು!”

“ಎದ್ದೇ ಇದ್ದೀನಪ್ಪ, ಎಷ್ಟು ಸಲ ಹೇಳೋದು?”

ಹೊರಗೆ ಬಂದ ಮೇಲೆ ಅವರು ತೀರ್ಪು ಕೊಟ್ಟರು: “ಮನೇಲಿ ಈಗಾಗ್ಲೇ ಗಟ್ಟಿಯಾಗಿ ಮಾತಾಡೋರು ಒಬ್ರಿದ್ದಾರೆ. ಇನ್ನೊಬ್ರು ಬೇಡ.” ಅವರ ಮಗಳು ಅದು ತನಗಲ್ಲವೆಂಬಂತೆ ಆಚೆ ನೋಡಿದಳು.

ಎರಡನೆಯದು ಮುಚ್ಚಿಹೋದ ಕ್ರೀಡಾಕೇಂದ್ರವೊಂದರ ಗೋದಾಮಿನಲ್ಲಿತ್ತು. ನಡುತಲೆಮಾರಿನದು, ಹಿಂಬದಿಯ ಗಾಜಿನ ಮೇಲೆ ಕಡಲಾಳದ ಚಿತ್ರ, ಮುತ್ತಿಗಾಗಿ ಧುಮುಕುತ್ತಿರುವ ಈಜುಗಾರ. ಚಿತ್ರ ಎಷ್ಟು ಚೆಲುವಾಗಿತ್ತೆಂದರೆ ಯಂತ್ರ ನೋಡಲು ಬಂದದ್ದೇ ಎಲ್ಲರಿಗೂ ಮರೆತುಹೋಯಿತು. ಹೆಂಡತಿ ಹತ್ತಿರ ಹೋಗಿ ನೋಡಿ, “ಮೊಣಕಾಲು ಬಗ್ಗಿಸಿದ್ದಾನೆ. ಹೀಗೆ ಧುಮುಕಿದ್ರೆ ಹೊಟ್ಟೆ ಮೇಲೇ ಬೀಳ್ತಾನೆ,” ಎಂದಳು. ಯಂತ್ರ ಚಾಲೂ ಆಗಲಿಲ್ಲ. “ಫ್ಯೂಸ್ ಅಷ್ಟೇ ಸಾರ್, ಏನಿಲ್ಲ,” ಎಂದ ಗೋದಾಮಿನ ಕಾವಲುಗಾರ. ಅಳತೆರಾಯರು ಹಿಂದಿನ ಪೆಟ್ಟಿಗೆ ತೆರೆಸಿ ಟಾರ್ಚು ಬಿಟ್ಟರು. ಬ್ಯಾಟರಿಗಳು ಯಾವ ಕಾಲದಲ್ಲೋ ಒಡೆದು ಸೋರಿ, ಬೋರ್ಡಿನ ತುಂಬ ಹಸಿರು ಕಿಲುಬು ಕಟ್ಟಿತ್ತು. ಅವರು ಮುಚ್ಚಳ ಹಾಕಿದರು. ಕಾವಲುಗಾರ ಗೋದಾಮಿನ ಬೀಗ ಹುಡುಕತೊಡಗಿದ.

ಮನೆಯವರ ಉತ್ಸಾಹ ಇಳಿಯುತ್ತ ಬಂತು. “ಅಪ್ಪ ಯಂತ್ರ ಆರಿಸೋ ಹೊತ್ತಿಗೆ ನಾನು ಕೆಲಸಕ್ಕೆ ಸೇರಿ ನಾನೇ ಕೊಡಿಸ್ತೀನಿ,” ಎಂದಳು ದೊಡ್ಡವಳು. ಅಳತೆರಾಯರು ನಕ್ಕಂತೆ ಮಾಡಿದರು. ಒಳಗೆ ಸ್ವಲ್ಪ ಚುಚ್ಚಿತು. ಒಮ್ಮೆಯಾದರೂ ಮಕ್ಕಳೆದುರು ಥಟ್ಟನೆ ಏನನ್ನಾದರೂ ಕೊಂಡು ತರಬೇಕೆಂದು ಅವರಿಗೂ ಆಸೆಯಿತ್ತು. ಆದರೆ ತಪ್ಪು ವಸ್ತು ತಂದು, ಅದು ಮೂಲೆ ಸೇರಿ, ದಿನಾ ತಮ್ಮನ್ನು ನೋಡುತ್ತ ಕೂತರೆ? ಆ ಭಯ ಆಸೆಗಿಂತ ಒಂದು ಗುಲಗಂಜಿ ತೂಕ ಹೆಚ್ಚೇ ಇತ್ತು.

ಮೂರನೆಯ ಯಂತ್ರದ ಸುಳಿವು ಕೊಟ್ಟದ್ದು ಅವರ ಅಂಗಡಿಗೆ ಓದುವ ಕನ್ನಡಕ ಮಾಡಿಸಿಕೊಳ್ಳಲು ಬಂದ ಒಬ್ಬ ಹೆಂಗಸು. ಅವಳ ಗಂಡ ಕ್ಷೌರಿಕ. ವಯಸ್ಸಾಯಿತೆಂದು ಅಂಗಡಿ ಮುಚ್ಚಿದವರು, ಸರದಿಗೆ ಕಾಯುವ ಗಿರಾಕಿಗಳಿಗೆಂದು ಇಟ್ಟಿದ್ದ ಪಿನ್‌ಬಾಲನ್ನು ಮನೆಗೆ ಹೊತ್ತು ತಂದಿದ್ದರು. “ಊಟದ ಮೇಜು ಗೋಡೆಗೆ ಅಂಟಿಬಿಟ್ಟಿದೆ ಸ್ವಾಮಿ. ಪಕ್ಕಕ್ಕೆ ತಿರುಗಿ ಊಟ ಮಾಡೀ ಮಾಡೀ ನನ್ನ ಕತ್ತು ಹಿಡ್ಕೊಂಡಿದೆ. ಬಂದು ತಗೊಂಡು ಹೋಗಿ, ಪುಣ್ಯ ಬರುತ್ತೆ,” ಎಂದಳು.

ಭಾನುವಾರ ಐವರೂ ಹೋದರು. ಊಟದ ಕೋಣೆಯ ಮುಕ್ಕಾಲು ಭಾಗ ಯಂತ್ರದ್ದೇ. ಹಳೆಯ ತಲೆಮಾರಿನದು, ಗಂಟೆಯದು. ಹಿಂಬದಿಯ ಗಾಜಿನ ಮೇಲೂ ಚೆಂಡು ಓಡುವ ಹಲಗೆಯ ಮೇಲೂ ಒಂದು ರೈಲು ನಿಲ್ದಾಣ, ಮೀಸೆ ತಿರುವಿದ ಸ್ಟೇಷನ್ ಮಾಸ್ತರು, ಹಾರಿಹೋದ ಟೋಪಿಯ ಹಿಂದೆ ಓಡುವ ಪ್ರಯಾಣಿಕ. ಅದರ ಮುಂದೆ ಹೊಸಿಲು ಕಾಯುವವರಂತೆ ನಿಂತಿದ್ದರು ಕ್ಷೌರಿಕರು. ತೆಳ್ಳಗಿನ ಮನುಷ್ಯ, ನೀಟಾಗಿ ಬಾಚಿದ ಬಿಳಿ ತಲೆ.

“ಮೊದಲೇ ಹೇಳಿಬಿಡ್ತೀನಿ,” ಎಂದರು ಅವರು, “ಎಡಗಡೆ ರೆಕ್ಕೆಗೆ ಶಕ್ತಿಯೇ ಇಲ್ಲ.”

“ಮೊನ್ನೆ ತಾನೇ ಹೊಸ ಕಾಯಿಲ್ ಹಾಕಿದ್ರಲ್ಲ?” ಎಂದು ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು.

“ಗಂಟೆ ಸದ್ದು ಅಂದ್ರೆ ಕಿವಿ ತೂತಾಗುತ್ತೆ. ಪಕ್ಕದ ಮನೆಯವರು ದಿನಾ ಜಗಳ.”

“ಪಕ್ಕದ ಮನೆಗೆ ಬೀಗ ಬಿದ್ದು ಎಷ್ಟೋ ಕಾಲ ಆಯ್ತು!”

“ಮಕ್ಕಳಿರೋ ಮನೆಗೆ ಇದು ಆಗಲ್ಲ. ಓದು ಪೂರ್ತಿ ಹಾಳಾಗುತ್ತೆ.”

“ಹಾಗಾದ್ರೆ ಇದೇ ಬೇಕು,” ಎಂದಳು ದೊಡ್ಡವಳು.

ಅಳತೆರಾಯರ ಮನಸ್ಸು ತುಂಬಿಬಂತು. ಇಷ್ಟು ಪ್ರಾಮಾಣಿಕ ಮಾರಾಟಗಾರರನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಕ್ಷೌರಿಕರು ಹೇಳಿದ ಪ್ರತಿಯೊಂದು ದೋಷಕ್ಕೂ ತಲೆಯಾಡಿಸುತ್ತ, ಇನ್ನೇನು ಕೈಮುಗಿದು ಹೊರಡುವುದರಲ್ಲಿದ್ದರು. ಅತ್ತೆ ಅವರ ತೋಳು ಮುಟ್ಟಿ ಮೆಲ್ಲಗೆ ಹೇಳಿದರು: “ಅಳಿಯಂದಿರೇ, ಆ ಗಾಜು ನೋಡಿ. ಒಂದು ಬೆರಳಿನ ಗುರುತಿಲ್ಲ. ಕೆಟ್ಟುಹೋದ ಸಾಮಾನನ್ನ ಯಾರಾದ್ರೂ ಹಾಗೆ ಒರೆಸ್ತಾರಾ?”

ಅಳತೆರಾಯರ ತಲೆಗೆ ಆಗಲೂ ಹೋಗಲಿಲ್ಲ.

ಅಷ್ಟರಲ್ಲಿ ಕ್ಷೌರಿಕರ ಹೆಂಡತಿ ಸ್ಟೂಲು ತಂದು ಹಾಕಿ, ಚಿಕ್ಕವಳನ್ನು ಅದರ ಮೇಲೆ ನಿಲ್ಲಿಸಿದಳು. ಚೆಂಡು ಹೊರಟಿತು. ಠಣ್, ಠಣ್ ಎಂದು ನಿಜವಾದ ಗಂಟೆ. ಒಂದೇ ಚೆಂಡು, ಕಣ್ಣಿಗೆ ಕಾಣುವ ದಾರಿ; ಬಡಿದರೆ ಸಂಖ್ಯೆ ಏರುತ್ತದೆ, ಬಿಟ್ಟರೆ ಕಿಂಡಿ ನುಂಗುತ್ತದೆ. ಯಾರಿಗೂ ಏನೂ ವಿವರಿಸಬೇಕಾಗಲಿಲ್ಲ. ಚಿಕ್ಕವಳು, ಅವಳಕ್ಕ, ಅಮ್ಮ, ಅಜ್ಜಿ ಸರದಿಯಂತೆ ಆಡಿದರು. ಅಜ್ಜಿ ಸೊಂಟದಿಂದ ಪೆಟ್ಟಿಗೆಯನ್ನು ಸ್ವಲ್ಪವೇ ನೂಕಿ ಚೆಂಡನ್ನು ಉಳಿಸಿಕೊಂಡಾಗ ಕ್ಷೌರಿಕರ ಹುಬ್ಬು ಮೇಲೇರಿತು.

“ನೀವೂ ಆಡ್ರೀ,” ಎಂದಳು ಹೆಂಡತಿ.

“ನಾನಾ? ನಾನು ಒಳಗಿನ ರಬ್ಬರು ನೋಡ್ತಿದ್ದೆ.”

“ರಬ್ಬರು ಎಲ್ಲಿಗೂ ಹೋಗಲ್ಲ. ಬನ್ನಿ.”

ಆಗ ಎಲ್ಲರಿಗೂ ಹೊಳೆಯಿತು: ಇಷ್ಟು ದಿನದ ಹುಡುಕಾಟದಲ್ಲಿ ಈ ಮನುಷ್ಯ ಒಮ್ಮೆಯೂ ಬಟನ್ ಮುಟ್ಟಿಲ್ಲ. ಹಡಗುಕಟ್ಟೆಯಲ್ಲಿ ಚೀಲ ಕಾಯ್ದರು, ಷೋರೂಮಿನಲ್ಲಿ ಯಂತ್ರದ ಕಾಲಿನ ಬೋಲ್ಟು ನೋಡಿದರು. ಅಳತೆರಾಯರು ಕಿವಿಯವರೆಗೆ ಕೆಂಪಾಗಿ, ಷರ್ಟಿನ ತೋಳು ಮಡಚಿ ನಿಂತರು. ಸ್ಪ್ರಿಂಗಿನ ಹಿಡಿಯನ್ನು ಹಿಂದಕ್ಕೆಳೆದು ಬಿಟ್ಟರು. ಚೆಂಡು ಮೇಲೆ ಹೋಯಿತು, ಒಂದು ಸುತ್ತು ಬಂತು, ಯಾವ ರೆಕ್ಕೆಯನ್ನೂ ಮಾತಾಡಿಸದೆ ನಟ್ಟನಡುವೆ ಇಳಿದು ಕಿಂಡಿಗೆ ಬಿತ್ತು. ಎರಡನೆಯದೂ ಅದೇ ದಾರಿ ಹಿಡಿಯಿತು. ಅವರು ಬಟನ್ ಒತ್ತಿದ್ದು ಅದು ಬಿದ್ದಾದ ಮೇಲೆ.

“ಅಪ್ಪ, ಚೆಂಡಿಗೆ ದಾರಿ ಬಿಡ್ತಾ ಇದ್ದೀಯಾ?” ಎಂದು ಚಿಕ್ಕವಳು ನಿಜವಾದ ಕುತೂಹಲದಿಂದ ಕೇಳಿದಳು. ಉಳಿದವರು ತುಟಿ ಕಚ್ಚಿಕೊಂಡರು.

ಕ್ಷೌರಿಕರಿಗೆ ಮಾತ್ರ ತಡೆಯಲಾಗಲಿಲ್ಲ. ಕೆಲಸ ಗೊತ್ತಿದ್ದವರಿಗೆ ಕೆಟ್ಟ ಕೆಲಸ ನೋಡುತ್ತ ನಿಲ್ಲುವುದು ಕಷ್ಟ. ಅವರು ಹಿಂದಿನಿಂದ ಬಂದು, ಹಳೆಯ ಅಭ್ಯಾಸದಂತೆ ಅಳತೆರಾಯರ ತಲೆಯನ್ನೇ ಎರಡು ಕೈಯಲ್ಲಿ ಹಿಡಿದು, ಸ್ವಲ್ಪ ಬಗ್ಗಿಸಿ, ನೆಟ್ಟಗೆ ಮಾಡಿದರು.

“ತಲೆ ಅಲ್ಲಾಡಿಸಬೇಡಿ. ಕೈ ನೋಡ್ಕೋಬೇಡಿ, ಚೆಂಡು ನೋಡಿ. ಅದು ಎಲ್ಲಿ ಬೀಳುತ್ತೆ ಅಂತ ಲೆಕ್ಕ ಹಾಕೋಕೆ ಹೋಗ್ಬೇಡಿ. ಬರಲಿ. ಬರಲಿ. ಇನ್ನೂ ಬರಲಿ… ಈಗ!”

ಅಳತೆರಾಯರು ಬಡಿದರು. ಎಡಗಡೆಯ ರೆಕ್ಕೆ ಚಟ್ಟನೆ ಎದ್ದಿತು. ಚೆಂಡು ಇಡೀ ನಿಲ್ದಾಣವನ್ನು ಸೀಳಿಕೊಂಡು ಮೇಲೆ ಹೋಗಿ, ಸ್ಟೇಷನ್ ಮಾಸ್ತರನ ಕೆಳಗಿನ ಗಂಟೆಗಳ ನಡುವೆ ಸಿಕ್ಕಿಬಿದ್ದು ಠಣಠಣಠಣ ಎಂದು ಹುಚ್ಚೆದ್ದಿತು. ಆ ಕೋಣೆಯಲ್ಲಿ ಇನ್ನೊಂದು ಸದ್ದೂ ಕೇಳಿತು. ಅದು ಎಲ್ಲಿಂದ ಬಂತೆಂದು ತಿಳಿಯಲು ಮನೆಯವರಿಗೆ ಒಂದು ಕ್ಷಣ ಹಿಡಿಯಿತು. ಅಳತೆರಾಯರು “ಹೋ!” ಎಂದು ಕೂಗಿದ್ದರು. ಕೂಗಿ, ಗಾಬರಿಯಾಗಿ, ಮತ್ತೆ ಕೂಗಿ, ನಗತೊಡಗಿದರು. ನಗುತ್ತ ನಗುತ್ತ ಕನ್ನಡಕ ಜಾರಿ ಗಾಜಿನ ಮೇಲೆ ಬಿತ್ತು. ಕಣ್ಣೀರು ಒರೆಸಿಕೊಳ್ಳುವಷ್ಟರಲ್ಲಿ ಚೆಂಡೂ ಹೋಯಿತು.

ಹೆಂಡತಿ ಅವರನ್ನೇ ನೋಡುತ್ತಿದ್ದಳು. ಈ ನಗು ಅವಳಿಗೆ ಗೊತ್ತಿತ್ತು, ಆದರೆ ಬಹಳ ಹಿಂದಿನದು. ಮಕ್ಕಳು ಅದನ್ನು ಕೇಳಿಯೇ ಇರಲಿಲ್ಲ.

“ಎಡಗಡೆದಕ್ಕೆ ಶಕ್ತಿ ಇಲ್ಲ ಅಂದಿದ್ರಿ?” ಎಂದರು ಅಳತೆರಾಯರು, ಏದುಸಿರು ಬಿಡುತ್ತ.

“ಯಾರ್ರೀ ಹೇಳಿದ್ದು?” ಕ್ಷೌರಿಕರು ಸಿಡಿದರು. “ಇಂಥ ರೆಕ್ಕೆ ಇನ್ನೊಂದು ಯಂತ್ರದಲ್ಲಿ ತೋರ್ಸಿ ನೋಡೋಣ! ನನ್ನ ಕೈಯಾರೆ…” ಅಷ್ಟಕ್ಕೆ ನಿಂತರು.

“ಬಂತಲ್ಲ ಬಾಯಿಂದ!” ಎಂದು ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಹಿಂದೆ ಬಂದೋರ್ನೆಲ್ಲ ಹೀಗೇ ಓಡಿಸಿದ್ದಾರೆ.”

ಕ್ಷೌರಿಕರು ಟವಲು ತೆಗೆದು, ಗಾಜಿನ ಮೇಲೆ ಕನ್ನಡಕ ಬಿದ್ದ ಜಾಗವನ್ನು ಒರೆಸತೊಡಗಿದರು. ಒರೆಸುವಂಥದ್ದೇನೂ ಅಲ್ಲಿರಲಿಲ್ಲ. “ಅಂಗಡಿ ಕುರ್ಚಿಗಳು ಹೋದವು, ಕನ್ನಡಿ ಹೋಯ್ತು,” ಎಂದರು. “ಇದರ ಸದ್ದು ಕೇಳಿದ್ರೆ ಇನ್ನೂ ಯಾರೋ ಸರದಿಗೆ ಕೂತಿದ್ದಾರೆ ಅನ್ಸುತ್ತೆ.”

ಅವರ ಹೆಂಡತಿ ದನಿ ತಗ್ಗಿಸಿದಳು. “ಮೇಜಿನ ಮಾತು ಬಿಡಿ, ಅದು ನೆಪ. ಹಲ್ಲುಜ್ಜೋಕೆ ಮುಂಚೆ ಇದರ ಮುಂದೆ ನಿಂತ್ರೆ ಸಾಯಂಕಾಲದ ತನಕ ಒಬ್ರೇ. ಎಲ್ಲರ ಜೊತೆ ಅಷ್ಟು ಹರಟೆ ಹೊಡೀತಿದ್ದ ಮನುಷ್ಯ ಒಂದು ಮಾತಿಲ್ಲ. ನನಗೆ ಭಯ ಆಗುತ್ತೆ.”

ಅಳತೆರಾಯರು ಜೇಬಿಗೆ ಕೈ ಹಾಕಿದರು. ಟೇಪು ಹೊರಬರುತ್ತದೆಂದು ಎಲ್ಲರೂ ಕಾದರು. ಬಂದದ್ದು ಕರವಸ್ತ್ರ. ಕನ್ನಡಕ ಒರೆಸಿ ಹಾಕಿಕೊಂಡು ಅವರು ಹೇಳಿದರು: “ತಗೋತೀವಿ. ಆದ್ರೆ ನೀವೇ ಬಂದು ಕೂರಿಸಿ ಕೊಡ್ಬೇಕು. ಕಲಿಸೋಕೂ ಬರ್ಬೇಕು. ನನ್ನಾಟ ನೋಡಿದ್ರಲ್ಲ.”

“ಯೋಚನೆ ಮಾಡಿ ಹೇಳಲ್ವಾ?” ಎಂದು ಅತ್ತೆ ಕೇಳಿದರು. ಹಂಗಿಸಲು ಹೊರಟ ಮಾತು ನಡುದಾರಿಯಲ್ಲಿ ಮೆತ್ತಗಾಯಿತು.

“ಇಲ್ಲ ಅತ್ತೆ.”

ಯಂತ್ರ ಬಂದ ದಿನ ಮನೆಯಲ್ಲಿ ನಡೆದದ್ದನ್ನು ಹೇಳದೆ ಬಿಡುವಂತಿಲ್ಲ. ಕಾಲು ಬಿಚ್ಚಿ, ತಲೆಯ ಪೆಟ್ಟಿಗೆ ಮಡಚಿ, ಕಂಬಳಿ ಸುತ್ತಿ ಹೊತ್ತವರು ಬಾಗಿಲನ್ನು ಸಲೀಸಾಗಿ ದಾಟಿದರು. ಅಳತೆರಾಯರ ಅಳತೆ ಎಲ್ಲೂ ತಪ್ಪಿರಲಿಲ್ಲ. ಜಗಳ ಹತ್ತಿದ್ದು ಮಟ್ಟ ಮಾಡುವಾಗ. ಅಳತೆರಾಯರು ರಸಮಟ್ಟ ಇಟ್ಟು “ಬಲಗಾಲು ಒಂದು ಸುತ್ತು ಮೇಲೆ,” ಎಂದರೆ, ಕೂರಿಸಿ ಕೊಡಲು ಬಂದ ಕ್ಷೌರಿಕರು ಕಣ್ಣು ಕಿರಿದು ಮಾಡಿ “ಅರ್ಧ ಸಾಕು,” ಎನ್ನುವರು. ಗಿರಾಕಿಗಳ ಕಿವಿಯ ಪಕ್ಕದ ಕೃದಾಗಳ ಮಟ್ಟ ನೋಡಿ ನೋಡಿ ಬಾಳು ಸವೆಸಿದ ಕಣ್ಣು ಒಂದು ಕಡೆ, ಕನ್ನಡಕದ ಗಾಜು ನೋಡಿ ಸವೆದ ಕಣ್ಣು ಇನ್ನೊಂದು ಕಡೆ. ಕೊನೆಗೆ ಚಿಕ್ಕವಳು ಸ್ಟೂಲು ಹತ್ತಿ, ಇಬ್ಬರನ್ನೂ ಕೇಳದೆ ಹಿಡಿ ಎಳೆದುಬಿಟ್ಟಳು. ಯಂತ್ರ ಇಂದಿಗೂ ಕಿಟಕಿಯ ಕಡೆಗೆ ಕೊಂಚ ವಾಲಿದೆ.

ಆಮೇಲೆ ಕ್ಷೌರಿಕರು ಬರತೊಡಗಿದರು. ಮೊದಲು ಕಲಿಸಲೆಂದು, ನಂತರ ರಬ್ಬರು ಬದಲಿಸಲೆಂದು, ನಂತರ ಕಾರಣ ಹೇಳುವುದನ್ನೂ ಬಿಟ್ಟು. ಅತ್ತೆಗೂ ಅವರಿಗೂ ಘೋರ ಪೈಪೋಟಿ. ಅಜ್ಜಿಯ ಪರ ವಾದಿಸಲು ದೊಡ್ಡವಳು ಸದಾ ಸಿದ್ಧ. ಕನ್ನಡಿಯ ಜಗಳ ಇನ್ನೂ ಬಗೆಹರಿದಿಲ್ಲವಾದರೂ ಪಿನ್‌ಬಾಲ್ ಮುಂದೆ ಕದನವಿರಾಮ. ಅಳತೆರಾಯರಿಗೆ ಮನೆಯಲ್ಲೆಲ್ಲ ಕೊನೆಯ ಸ್ಥಾನ. ಚಿಕ್ಕವಳು ಅವರಿಗೆ ಸ್ಟೂಲು ಬಿಟ್ಟುಕೊಡುತ್ತಾಳೆ, ಎತ್ತರ ಸಾಲದೇ ಸೋಲುತ್ತಿರಬಹುದೆಂದು.

ಒಂದು ಸಂಜೆ ಕ್ಷೌರಿಕರ ಹೆಂಡತಿ ಬಾಗಿಲು ತಟ್ಟಿದಳು. “ಇಲ್ಲಿದ್ದಾರಾ ನಮ್ಮವರು? ಮನೆಯಿಂದಾಚೆ ಹೋಗ್ಲಿ ಅಂತ ಕೊಟ್ರೆ ಈಗ ಮನೆಗೇ ಬರಲ್ಲ ಅಂತಾರಲ್ಲ!” ಬಯ್ಯುತ್ತಲೇ ಒಳಗೆ ಬಂದವಳು, ಗುಂಪಿನ ಹಿಂದೆ ನಿಂತು ಗಂಡ ಜೋರಾಗಿ ಹರಟೆ ಹೊಡೆಯುವುದನ್ನು ಕೇಳಿಸಿಕೊಂಡಳು. ಬೈಗುಳ ಅಲ್ಲಿಗೇ ಮುಗಿಯಿತು.

“ನೀವು ಚೆನ್ನಾಗಿ ಆಡ್ತಿರಬೇಕು,” ಎಂದರು ಅಳತೆರಾಯರು, ಕುರ್ಚಿ ಸರಿಸಿ.

“ನಾನಾ? ಒಂದಿನಾನೂ ಮುಟ್ಟಿಲ್ಲ.”

“ಇಷ್ಟು ವರ್ಷ ಇತ್ತಲ್ಲ?”

“ಆಡು ಅಂತ ಯಾರೂ ಅನ್ಲಿಲ್ಲ.”

ಕ್ಷೌರಿಕರು ಬಟನ್‌ನಿಂದ ಕೈ ತೆಗೆದರು. ಚೆಂಡು ಉರುಳಿ ಕಿಂಡಿಗೆ ಬಿದ್ದರೂ ಅವರು ತಿರುಗಿ ನೋಡಲಿಲ್ಲ. ಪಕ್ಕಕ್ಕೆ ಸರಿದು ಹೆಂಡತಿಗೆ ಜಾಗ ಮಾಡಿಕೊಟ್ಟರು. ಟವಲಿನಿಂದ ಎರಡು ಬಟನ್‌ಗಳನ್ನೂ ಒರೆಸಿದರು. ಆಕೆ ಸೆರಗು ಸಿಕ್ಕಿಸಿಕೊಂಡು ನಿಂತಳು.

“ತಲೆ ಅಲ್ಲಾಡಿಸಬೇಡಿ,” ಎಂದು ಅಳತೆರಾಯರು ಹಿಂದಿನಿಂದ ಶುರುಮಾಡಿದರು, “ಕೈ ನೋಡ್ಕೋಬೇಡಿ…”

“ನೀವು ಸುಮ್ನಿರ್ರೀ,” ಎಂದು ಐದಾರು ದನಿ ಒಟ್ಟಿಗೆ ಗದರಿದವು.

ಆಕೆ ಹಿಡಿ ಎಳೆದು ಬಿಟ್ಟಳು.